ಎದುರಾಳಿಯಿಲ್ಲದ ಪಂದ್ಯದಲ್ಲಿ ಎರಡನೇ ಸ್ಥಾನ

ಶಾಮಸುಂದರ ಮಾಡಿದ್ದು ಒಂದೇ ಒಂದು ಸಾಲಿನ ತಪ್ಪು. ಲೇಖನದ ಉಳಿದ ನಾಲ್ಕು ಪುಟವೂ ಅಪ್ಪಟ ಸತ್ಯ. ಆದರೆ ಪೆನ್ನು ಹಿಡಿದವರಿಗೆ ಕೊನೆಯ ಸಾಲಿನ ಹತ್ತಿರ ಬಂದಾಗ ಮೈಮೇಲೆ ಏನೋ ಬರುತ್ತದೆ. ಅವನಿಗೂ ಬಂತು.

ದುಬೈನ ಜುಮೇರಾ ಲೇಕ್ ಟವರ್ಸಿನ ಹದಿನೇಳನೇ ಮಹಡಿಯ ಕಂಪನಿಯೊಂದರಲ್ಲಿ ಕಡತಗಳಿಗೆ ನಂಬರು ಹಾಕಿ, ಜೋಡಿಸಿಟ್ಟು, ಕೇಳಿದಾಗ ಹುಡುಕಿ ಕೊಡುವುದು ಅವನ ಕೆಲಸ. ಹನ್ನೆರಡು ವರ್ಷದಿಂದ ಅದೇ. ಊರು ನಂಜನಗೂಡು. ಕಪಿಲೆಯ ದಡದಲ್ಲಿ ಹುಟ್ಟಿ ಬೆಳೆದರೂ ನೀರು ಕಣಕಾಲು ದಾಟಿದರೆ ದೇವರ ಹೆಸರು ಹೇಳುವ ಜಾತಿ. ದುಬೈಗೆ ಬಂದ ಮೇಲೆ ಸಮುದ್ರವನ್ನು ನೋಡಿದ್ದಾನೆ, ಇಲ್ಲವೆನ್ನುವಂತಿಲ್ಲ; ಕಾರಿನ ಗಾಜು ಏರಿಸಿಕೊಂಡು ನೋಡಿದ್ದಾನೆ.

ಇಂಥವನ ಕೊರಳಿಗೆ ಹಾಯಿದೋಣಿ ಬಿದ್ದದ್ದು ಸಭೆಗೆ ತಡವಾಗಿ ಬಂದ ತಪ್ಪಿಗೆ. 'ಕಡಲಾಚೆ ಕನ್ನಡ ಬಳಗ'ದ ಸ್ಮರಣ ಸಂಚಿಕೆಗೆ ಆ ವರ್ಷ ಸಮುದ್ರವೇ ವಿಷಯವೆಂದು ಗೊತ್ತುಮಾಡಿದ್ದರು. ಕಾರ್ಯದರ್ಶಿ ಗುರುದತ್ತ, ಮದುವೆ ಮನೆಯಲ್ಲಿ ಪಾಯಸ ಬಡಿಸುವವನಂತೆ, ವಿಷಯ ಹಂಚುತ್ತಾ ಬಂದ. ಮುತ್ತು, ಉಪ್ಪು, ಮೀನು, ದೀಪಸ್ತಂಭ ಎಲ್ಲ ಮೊದಲ ಪಂಕ್ತಿಗೇ ಮುಗಿದುಹೋಯಿತು. ತಳದಲ್ಲಿ ಉಳಿದದ್ದು 'ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ಹಾಯಿದೋಣಿ ಪಂದ್ಯದ ಆರಂಭದ ದಿನಗಳು'. ಶಾಮಸುಂದರ ಬೇಡವೆನ್ನಲಿಲ್ಲ. ಬೇಡವೆನ್ನುವುದು ಅವನಿಗೆ ಬಾರದ ಇನ್ನೊಂದು ವಿದ್ಯೆ.

ಕಡತದವನ ಶ್ರದ್ಧೆಯಿಂದ ಓದಿದ. ಓದಿದಷ್ಟೂ ಅವನಿಗೆ ಸಮಾಧಾನವಾಯಿತು. ೧೮೯೬ರಲ್ಲಿ ಅಥೆನ್ಸಿನ ಒಲಿಂಪಿಕ್ಸಿಗೆ ಹಾಯಿದೋಣಿ ಪಂದ್ಯ ನಿಗದಿಯಾಗಿತ್ತು, ಹವಾಮಾನ ಕೆಟ್ಟು ನಡೆಯಲೇ ಇಲ್ಲ. ೧೯೦೦ರಲ್ಲಿ ಪ್ಯಾರಿಸ್ಸಿನ ಹತ್ತಿರ ಸೀನ್ ನದಿಯಲ್ಲಿ ನಡೆಯಿತು, ಗಾಳಿಯೇ ಬೀಸಲಿಲ್ಲ. ಐವತ್ತರ ಹತ್ತಿರ ದೋಣಿ ಹೊರಟು ಬೆರಳೆಣಿಕೆಯಷ್ಟು ಗುರಿ ಮುಟ್ಟಿದವು. ಹಾಯಿ ಬಿಟ್ಟು ಬೇರೆ ಉಪಾಯದಿಂದ ದೋಣಿ ನೂಕಿಕೊಂಡು ಬಂದಿರಿ ಎಂದು ಕೆಲವರನ್ನು ಹೊರಗೆ ಹಾಕಿದರು. ೧೯೦೪ರಲ್ಲಿ ಅಮೆರಿಕದವರು ಹಾಯಿಯ ಗೊಡವೆಗೇ ಹೋಗಲಿಲ್ಲ. ೧೯೦೮ರಲ್ಲಿ ಇಂಗ್ಲೆಂಡಿನಲ್ಲಿ ಒಂದು ವರ್ಗಕ್ಕೆ ಬಂದದ್ದೇ ಒಂದು ದೋಣಿ. ಅದು ಒಂಟಿಯಾಗಿ ಓಡಿ ಚಿನ್ನ ತೆಗೆದುಕೊಂಡು ಹೋಯಿತು. ೧೯೨೦ರಲ್ಲಿ ಬೆಲ್ಜಿಯಮ್ಮಿನ ಪಂದ್ಯವೊಂದಕ್ಕೆ ಎರಡು ದೋಣಿ ಬಂದವು, ಎರಡೂ ಹಾಲೆಂಡಿನವು. ಪಂದ್ಯ ಅರ್ಧಕ್ಕೆ ನಿಂತಿತು. ಉಳಿದದ್ದನ್ನು ನೀವೇ ನಿಮ್ಮೂರಲ್ಲಿ ಮುಗಿಸಿಕೊಳ್ಳಿ ಎಂದಾಯಿತು. ದೇಶದೇಶದ ದೊಡ್ಡ ಮನುಷ್ಯರು ಕೂಡ ನೀರಿಗಿಳಿಯುವ ವಿಷಯದಲ್ಲಿ ಇಷ್ಟು ಒದ್ದಾಡಿದ್ದಾರಲ್ಲ ಎಂದು ಶಾಮಸುಂದರನಿಗೆ ಜೀವ ತಂಪಾಯಿತು.

ಅದನ್ನೆಲ್ಲ ಸರಿಯಾಗಿ ಬರೆದು ಕೊನೆಗೆ ಈ ಸಾಲು ಸೇರಿಸಿದ: 'ಹಾಯಿಯ ಹಗ್ಗ ಎಳೆದು ಅಂಗೈ ಸುಲಿದುಕೊಂಡವನೇ ಬಲ್ಲ, ಗಾಳಿಯ ಋಣ ಎಷ್ಟು ದೊಡ್ಡದೆಂದು.' ಅವನ ಅಂಗೈಗೆ ಈವರೆಗೆ ಆದ ಗಾಯವೆಂದರೆ ಸ್ಟೇಪ್ಲರ್ ಪಿನ್ನಿನದು.

ನವೆಂಬರಿನ ರಾಜ್ಯೋತ್ಸವವನ್ನು ಬಳಗದವರು, ಸಭಾಂಗಣ ಸಿಗದ ಕಾರಣ, ಜನವರಿಯಲ್ಲಿ ಮಾಡಿದರು. ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ ಉಳ್ಳಾಲದ ಹಂಝನ ಹೋಟೆಲಿದೆ. ಅದರ ಮೇಲಿನ ಹಾಲಿನಲ್ಲಿ, ಕೆಳಗಿನಿಂದ ಬರುವ ಬಿರಿಯಾನಿ ವಾಸನೆಯ ನಡುವೆ, ಲೇಖಕರಿಗೆ ಸನ್ಮಾನ. ಪರಿಚಯ ಮಾಡುವವನು ಗುರುದತ್ತ. ಯಾರನ್ನೇ ಆಗಲಿ ಇದ್ದ ಜಾಗದಿಂದ ನಾಲ್ಕು ಮೆಟ್ಟಿಲು ಮೇಲೆ ನಿಲ್ಲಿಸಿ ಪರಿಚಯ ಮಾಡುವುದು ಅವನ ಪದ್ಧತಿ. ಹಲ್ಲಿನ ಡಾಕ್ಟರರ ಹತ್ತಿರ ಚೀಟಿ ಬರೆಯುತ್ತಿದ್ದವನನ್ನು 'ವೈದ್ಯಲೋಕದ ಧ್ರುವತಾರೆ' ಎಂದಿದ್ದ. ಆ ಮನುಷ್ಯನಿಗೆ ಇವತ್ತಿಗೂ ಮಧ್ಯಾಹ್ನದ ಹೊತ್ತು ಎದೆನೋವಿನವರ ಫೋನ್ ಬರುತ್ತದೆ.

"ಇನ್ನು ನಮ್ಮ ಶಾಮಸುಂದರ್," ಎಂದು ಗುರುದತ್ತ ಮೈಕಿನ ಕೊರಳು ಹಿಡಿದ. "ಇವರನ್ನ ನಾವು ಫೈಲಿನವರು ಅಂದ್ಕೊಂಡಿದ್ವಿ. ಆದರೆ ಇವರು ಗಾಳಿ ಜೊತೆ ಗುದ್ದಾಡಿದವರು. ಒಲಿಂಪಿಕ್ಸ್ ಮಟ್ಟದ ಹಾಯಿದೋಣಿ ಅಂದ್ರೆ ಇವರಿಗೆ ಅಂಗೈನ ನೆಲ್ಲಿಕಾಯಿ. ಆ ಅಂಗೈ ಹೇಗೆ ಸುಲಿದಿದೆ ಅಂತ ಅವರೇ ಬರ್ದಿದ್ದಾರೆ. ಇಷ್ಟು ವರ್ಷ ಒಂದು ಮಾತು ಹೇಳ್ಕೊಂಡಿಲ್ಲ ಪುಣ್ಯಾತ್ಮ."

ಚಪ್ಪಾಳೆ. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ಶಾಮಸುಂದರ ಎದ್ದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ: "ಗುರುದತ್ತ ಅವರು ತುಂಬಾ ದೊಡ್ಡದು ಮಾಡಿ ಹೇಳಿದರು. ನನಗೆ ದೋಣಿ ಗೊತ್ತಿಲ್ಲ. ನಾನು ಯಾವತ್ತೂ ದೋಣಿ ಹತ್ತಿದವನಲ್ಲ. ನನಗೆ ಈಜೂ ಬರಲ್ಲ. ನಾನೊಬ್ಬ ಸಾಮಾನ್ಯ ಮನುಷ್ಯ."

ಈಗ ಇಲ್ಲಿ ಒಂದು ಮಾತು ತಿಳಿದಿರಬೇಕು. ಕನ್ನಡದ ವೇದಿಕೆಯ ಮೇಲೆ ಸನ್ಮಾನ ಮಾಡಿಸಿಕೊಂಡವನು 'ನಾನೇನೂ ಅಲ್ಲ' ಎನ್ನಲೇಬೇಕು. ಅನ್ನದಿದ್ದರೆ ಕೆಟ್ಟ ಹೆಸರು. ಮಹಾ ಸಂಗೀತಗಾರ 'ನನಗೆ ಸರಿಗಮವೂ ಬಾರದು' ಎನ್ನುತ್ತಾನೆ, ಮಹಾ ಪಂಡಿತ 'ನಾನು ನಿರಕ್ಷರಿ' ಎನ್ನುತ್ತಾನೆ. ಎಷ್ಟು ಜೋರಾಗಿ ಅಲ್ಲಗಳೆದರೆ ಅಷ್ಟು ದೊಡ್ಡವನು ಎಂದು ಲೆಕ್ಕ. ಹಾಗಿರುವಾಗ ಈಜೇ ಬರುವುದಿಲ್ಲ ಎಂದವನು ಇನ್ನೆಂಥ ಸಮುದ್ರಸಿಂಹನಿರಬೇಕು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಹಂಝ ಕೆಳಗಿಳಿಯುವಾಗ ಮೆಟ್ಟಿಲಲ್ಲೇ ಹಿಡಿದುಕೊಂಡ. "ಎಂತ ಸಾರ್ ನೀವು, ಮುಂಚೆಯೇ ಹೇಳುದಲ್ವಾ. ನಮ್ಮ ಬಾಪ ಕಡಲಲ್ಲೇ ಇದ್ದವರು. ಕಡಲಿನವರನ್ನು ಕಂಡ್ರೆ ನಂಗೆ ಕುಟುಂಬದವರ ಹಾಗೆ."

"ಹಂಝಾ, ನಿಜವಾಗ್ಲೂ ನನಗೆ ಏನೂ ಗೊತ್ತಿಲ್ಲ ಮಾರಾಯ."

"ಅದೇ, ಅದೇ. ಗೊತ್ತಿದ್ದವರು ಹೀಗೆಯೇ ಹೇಳುದು," ಎಂದ ಹಂಝ, ಕಣ್ಣು ಒದ್ದೆ ಮಾಡಿಕೊಂಡು.

ಮನೆಯಲ್ಲಿ ಪರಿಸ್ಥಿತಿ ಬೇರೆ. ಹೆಂಡತಿ ಬಿಂದು ಪೇಟವನ್ನು ಟೀವಿಯ ಮೇಲಿಟ್ಟು, "ರೀ, ಬಾತ್ ಟಬ್ಬಲ್ಲಿ ಕಾಲಿಡಕ್ಕೆ ಗೋಡೆ ಹಿಡ್ಕೊಳ್ತೀರ. ಇದೆಲ್ಲಾ ಏನು ಅಂತ," ಎಂದಳು. ಎಂಟನೇ ಕ್ಲಾಸಿನ ಮಗಳು ಪ್ರಾರ್ಥನಾ ಮೊಬೈಲಿನಿಂದ ಕಣ್ಣೆತ್ತದೆ, "ಅಪ್ಪಾ, ದಿಸ್ ಈಸ್ ಫ್ರಾಡ್," ಎಂದಳು.

"ಇಲ್ಲ ಅಂತಲೇ ಹೇಳ್ದೆ ಕಣೆ. ಯಾರೂ ನಂಬಲ್ಲ."

ನಂಬದಿದ್ದದ್ದು ಸಭೆಯವರು ಮಾತ್ರವಲ್ಲ. ಎದುರು ಫ್ಲ್ಯಾಟಿನ ಜೋಸ್ಫಿನ್ ಬಾಯಿ ಬಟ್ಟೆ ಒಣಗಿಸುವ ಮುನ್ನ ಬಾಗಿಲು ತಟ್ಟಿ, ಗಾಳಿ ಯಾವ ಕಡೆಯಿಂದ ಬರಬಹುದೆಂದು ವಿಚಾರಿಸತೊಡಗಿದರು. ಶಾಮಸುಂದರ ಗೊತ್ತಿಲ್ಲವೆಂದರೂ ಅವನು ಮುಖ ತಿರುಗಿಸಿದ ದಿಕ್ಕನ್ನು ನೋಡಿಕೊಂಡು ಹೋಗಿ ಹಗ್ಗ ಕಟ್ಟಿದರು. ನಂಜನಗೂಡಿನಿಂದ ಅತ್ತೆ ಶಾರದಮ್ಮ ಮಗಳು ಬಿಂದುವಿಗೆ ಫೋನು ಮಾಡಿದರು: "ಅಳಿಯಂದಿರು ಸಮುದ್ರಕ್ಕಿಳೀತಾರಂತಲ್ಲ, ಪೇಪರ್‌ನಲ್ಲಿ ಹಾಕ್ತಾರಂತೆ? ನಾನು ಶ್ರೀಕಂಠೇಶ್ವರನಿಗೆ ಹೇಳ್ಕೊಂಡಿದೀನಿ. ಹೋಗೋವಾಗ ಸ್ವೆಟರ್ ಹಾಕ್ಕೊಳಕ್ಕೆ ಹೇಳು."

ಇಷ್ಟಕ್ಕೇ ನಿಂತಿದ್ದರೆ ಇದೊಂದು ಬಟ್ಟೆ ಒಣಗಿಸುವ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಆ ತಿಂಗಳು ಶಾಮಸುಂದರನ ತಲೆಯ ಮೇಲೆ ಬೇರೊಂದು ಕತ್ತಿ ತೂಗುತ್ತಿತ್ತು. ಅವನ ವೀಸಾ ಫೆಬ್ರವರಿ ಕೊನೆಗೆ ಮುಗಿಯುವುದಿತ್ತು. ನವೀಕರಣದ ಕಾಗದಕ್ಕೆ ಮ್ಯಾನೇಜರ್ ಝಿಯಾದ್ ಸಹಿ ಹಾಕಬೇಕು. ಝಿಯಾದ್ ಹಾಕಿರಲಿಲ್ಲ. ಆಫೀಸಿನಲ್ಲಿ ಆರು ಜನರ ಪಟ್ಟಿಯೊಂದು ತಯಾರಾಗಿದೆ, ಆ ಆರು ಜನ ಮನೆಗೆ ಹೋಗುತ್ತಾರೆ ಎಂಬ ಸುದ್ದಿ ಟೀ ಮಷೀನಿನ ಹತ್ತಿರ ಓಡಾಡುತ್ತಿತ್ತು. ಪ್ರಾರ್ಥನಾಳ ಶಾಲೆ, ಫ್ಲ್ಯಾಟು, ಬಿಂದುವಿನ ಪುಟ್ಟ ಸಂಗೀತ ಕ್ಲಾಸು, ಎಲ್ಲ ಆ ಒಂದು ಸಹಿಗೆ ನೇತುಬಿದ್ದಿದ್ದವು.

ಸೋಮವಾರ ಝಿಯಾದ್ ಒಳಗೆ ಕರೆದ. ಬೈರೂತಿನವನು, ಒಳ್ಳೆಯ ಕೋಟು, ಒಳ್ಳೆಯ ಅತ್ತರು, ನಗುವನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ ಮುಖ. ಅವನ ಮೊಬೈಲಿನಲ್ಲಿ ಪೇಟ ತೊಟ್ಟ ಶಾಮಸುಂದರನ ಫೋಟೋ. ಕಂಪನಿಯ ಎಚ್.ಆರ್. ನೋಡಿಕೊಳ್ಳುವ ಮಂಗಳೂರಿನ ಡೆಲ್ಫಿನ್, ಬಳಗದ ವಾಟ್ಸಾಪಿನಲ್ಲಿ ಆ ಫೋಟೋದ ಕೆಳಗಿದ್ದ ಗುರುದತ್ತನ ಬರಹವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದಳು. ಗುರುದತ್ತ ಏರಿಸಿದ್ದ ನಾಲ್ಕು ಮೆಟ್ಟಿಲು ಇಂಗ್ಲಿಷಿನಲ್ಲಿ ಎಂಟಾಗಿತ್ತು.

"ಶಾಮ್, ಅಬುಧಾಬಿಯ ಫಾರಿಸ್ ಗೊತ್ತಲ್ಲ. ನಮ್ಮ ಅತಿ ದೊಡ್ಡ ಗಿರಾಕಿ. ಅವರಿಗೆ ಹಾಯಿದೋಣಿ ಹುಚ್ಚು. ಪ್ರತಿ ವರ್ಷ ಕಂಪನಿಗಳವರನ್ನ ಕರೆಸಿ ಒಂದು ಸ್ನೇಹದ ಪಂದ್ಯ ನಡೆಸ್ತಾರೆ. ನಾವು ಪ್ರತಿ ವರ್ಷ ಯಾರೂ ಇಲ್ಲ ಅಂತ ತಪ್ಪಿಸಿಕೊಳ್ತಿದ್ವಿ. ಈ ವರ್ಷ ನಮ್ಮಲ್ಲಿ ಒಲಿಂಪಿಕ್ಸ್ ಮಟ್ಟದ ಕ್ಯಾಪ್ಟನ್ ಇದ್ದಾನೆ ಅಂತ ಹೇಳಿಬಿಟ್ಟೆ."

ಶಾಮಸುಂದರ ಬಾಯಿ ತೆರೆದ. ಸತ್ಯ ನಾಲಿಗೆಯ ತುದಿಯಲ್ಲೇ ಇತ್ತು. ಝಿಯಾದ್ ಖಾನೆಯಿಂದ ಒಂದು ಹಾಳೆ ತೆಗೆದ. ಆರು ಹೆಸರು. ಐದನೆಯದರ ಮೇಲೆ ಪೆನ್ನಿನ ಗೀಟು ಎಳೆದಿತ್ತು.

"ಇದು ನಿನ್ನ ಹೆಸರು. ಸದ್ಯಕ್ಕೆ ಹೊಡೆದುಹಾಕಿದ್ದೇನೆ. ಪಂದ್ಯ ಪೂರೈಸು, ನವೀಕರಣಕ್ಕೆ ಸಹಿ ಹಾಕ್ತೇನೆ. ಗೆಲ್ಲೋದು ಬೇಡ. ಫಾರಿಸ್ ಎದುರು ಮರ್ಯಾದೆಯಾಗಿ ಗುರಿ ಮುಟ್ಟು. ನಾನೂ ದೋಣಿಯಲ್ಲಿರ್ತೇನೆ. ಈಗ ಹೇಳು, ಏನೋ ಹೇಳೋಕೆ ಬಾಯಿ ತೆರೆದೆ."

"ಏನಿಲ್ಲ ಸರ್. ಥ್ಯಾಂಕ್ಯೂ ಸರ್."

ಸಾವಿರ ಕನ್ನಡಿಗರ ಎದುರು ಸತ್ಯ ಹೇಳಿದವನು, ಹೇಳಿದರೆ ನಂಬುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನ ಎದುರು ಬಾಯಿ ಮುಚ್ಚಿಕೊಂಡ. ಸಭೆಯಲ್ಲಿ ಸಾವಿರವಿರಲಿಲ್ಲ, ನೂರಾಹತ್ತು ಜನರಿದ್ದರು. ಗುರುದತ್ತನ ಸಹವಾಸದಿಂದ ಹೀಗೆ ಲೆಕ್ಕ ಏರುತ್ತದೆ.

ದೋಣಿಗೆ ಮೂವರು ಬೇಕು. ಕ್ಯಾಪ್ಟನ್, ಅತಿಥಿಯಾಗಿ ಝಿಯಾದ್, ಹಗ್ಗ ಎಳೆಯುವುದಕ್ಕೆ ಇನ್ನೊಬ್ಬ. ಶಾಮಸುಂದರ ಹಂಝನ ಹೋಟೆಲಿಗೆ ಓಡಿದ. ಕಡಲಿನ ಮನೆತನದವನೊಬ್ಬ ಜೊತೆಗಿದ್ದರೆ ತಾನು ಸುಮ್ಮನೆ ಕೂತಿದ್ದರೂ ನಡೆಯುತ್ತದೆ ಎಂದು ಅವನ ಎಣಿಕೆ.

ಹಂಝ ಕೇಳಿದ ಕೂಡಲೇ ಗಲ್ಲಾಪೆಟ್ಟಿಗೆ ತಮ್ಮನಿಗೆ ಒಪ್ಪಿಸಿದ. "ನಾನು ಬರ್ತೇನೆ ಕ್ಯಾಪ್ಟನ್ ಸಾರ್. ನಿಮ್ಮ ಕೈಕೆಳಗೆ ಕಲಿಯುದು ನನ್ನ ಭಾಗ್ಯ."

"ನಿನಗೆ ಎಲ್ಲಾ ಗೊತ್ತಲ್ವಾ ಹಂಝಾ? ನಿಮ್ಮ ತಂದೆ ಕಡಲಲ್ಲಿ ಇದ್ದವರು ಅಂದೆಯಲ್ಲ."

"ಬಾಪ ಇದ್ದದ್ದು ಎಂಜಿನ್ ಬೋಟಿನಲ್ಲಿ ಸಾರ್. ಅದೂ ಅಡುಗೆಗೆ. ನಂಗೆ ಮೀನು ಸಾರು ಗೊತ್ತುಂಟು. ಹಾಯಿ ಗೀಯಿ ಎಂತ ಗೊತ್ತಿಲ್ಲ. ಅದಕ್ಕೆ ನೀವು ಇದ್ದೀರಲ್ಲ."

ಅಂದಿನಿಂದ ಶಾಮಸುಂದರ ತನ್ನ ಲೇಖನವನ್ನೇ ನಂಬಿದ. ಇತಿಹಾಸ ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಯಾಕೆ ಮಾಡಬಾರದು. ೧೮೯೬ರ ಹಾಗೆ ಹವಾಮಾನ ಕೆಡಲಿ ಎಂದು ಬೇಡಿಕೊಂಡು ಮೊಬೈಲಿನಲ್ಲಿ ಗಂಟೆಗೊಮ್ಮೆ ಅಬುಧಾಬಿಯ ಆಕಾಶ ನೋಡಿದ. ಅದರಲ್ಲಿ ಒಂದು ವಾರ ಪೂರ್ತಿ ನಗುವ ಸೂರ್ಯನ ಚಿತ್ರ. ಬಿಂದು ದೇವರ ಮುಂದೆ ದೀಪ ಹಚ್ಚಿ, "ದೇವ್ರೆ, ಎಲ್ಲ ಸುಸೂತ್ರವಾಗಿ ನಡೀಲಿ," ಎಂದಾಗ, "ಹಾಗೆ ಬೇಡ್ಕೋಬೇಡ ಕಣೆ, ಸ್ಪಷ್ಟವಾಗಿ ಮರಳುಗಾಳಿ ಅಂತ ಕೇಳು," ಎಂದು ಗದರಿದ. ಅನ್ನ ಸೇರಲಿಲ್ಲ. ಲಿಫ್ಟು ಸ್ವಲ್ಪ ಅಲುಗಿದರೂ ಕಂಬಿ ಹಿಡಿಯುವಂತಾದ.

ಮರುವಾರದ ಶನಿವಾರ ಬೆಳಿಗ್ಗೆ ಅಬುಧಾಬಿಯ ದೋಣಿಕಟ್ಟೆಯಲ್ಲಿ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಹದವಾದ ಗಾಳಿ. ಬಳಗದವರು ಎರಡು ವ್ಯಾನಿನಲ್ಲಿ ಬಂದಿದ್ದರು. ಗುರುದತ್ತ ಕೆಂಪು ಹಳದಿ ಬಾವುಟ ತಂದಿದ್ದ. ಬಿಂದು ಪುಳಿಯೋಗರೆ ತಂದಿದ್ದಳು. ಪ್ರಾರ್ಥನಾ ಮಾತ್ರ ಅಪ್ಪನ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಗಿದು, ಎರಡು ಸಲ ಎಳೆದು ನೋಡಿದಳು. "ಡೋಂಟ್ ಬಿ ಎ ಹೀರೋ, ಓಕೆ?" ಎಂದಳು. ಅವನು ಅಷ್ಟು ಸುಲಭದ ಕೆಲಸವನ್ನು ಯಾರೂ ತನಗೆ ಕೊಟ್ಟಿರಲಿಲ್ಲವೆಂಬಂತೆ ತಲೆಯಾಡಿಸಿದ.

ಆಗ ಪವಾಡವೊಂದು ನಡೆಯಿತು. ಆ ವರ್ಷ ಹೆಸರು ಕೊಟ್ಟಿದ್ದ ಇನ್ನೊಂದೇ ಒಂದು ದೋಣಿಯವರು ಬರಲಿಲ್ಲ. ಬೇರೊಂದು ಕಂಪನಿಯ ಮೂವರೂ ಹಿಂದಿನ ದಿನದ ಔತಣದಲ್ಲಿ ಏನನ್ನೋ ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದ್ದಾರೆ ಎಂದು ಸುದ್ದಿ. ಫಾರಿಸ್, ಬಿಳಿ ಕಂದೂರದ ನಿಲುವಂಗಿ ತೊಟ್ಟ, ಗಡ್ಡ ನೆರೆತ, ಮೆದುಮಾತಿನ ಹಿರಿಯ, ಬೇಸರದಿಂದ ಕೈ ಚೆಲ್ಲಿದರು. "ಒಂದೇ ದೋಣಿಗೆ ಪಂದ್ಯ ಹೇಗೆ? ಈ ವಿಷಯ ಬಲ್ಲವರು ನೀವು, ಕ್ಯಾಪ್ಟನ್. ನೀವೇ ಹೇಳಿ. ರದ್ದು ಮಾಡೋಣವೇ?"

ಶಾಮಸುಂದರನಿಗೆ ಹನ್ನೆರಡು ದಿನದಲ್ಲಿ ಮೊದಲ ಸಲ ಪೂರ್ತಿ ಉಸಿರು ಬಂತು. ಪಂದ್ಯವೇ ಇಲ್ಲದಿದ್ದರೆ ಸೋಲಿಲ್ಲ, ಸೋಲಿಲ್ಲದಿದ್ದರೆ ಝಿಯಾದ್ ಸಹಿ ಹಾಕದಿರುವುದಕ್ಕೆ ಕಾರಣವಿಲ್ಲ. "ರದ್ದು ಮಾಡೋದೇ ಸರಿ," ಎಂದು ಹೇಳುವುದಕ್ಕೆ ತುಟಿ ಜೋಡಿಸುತ್ತಿದ್ದ.

"ತಡೀರಿ ಸಾರ್," ಎಂದ ಹಂಝ. ಅವನ ಕೈಯಲ್ಲಿ ಸ್ಮರಣ ಸಂಚಿಕೆ. ನಲವತ್ತೊಂದನೇ ಪುಟಕ್ಕೆ ಹೋಟೆಲಿನ ಬಿಲ್ಲು ಗುರುತಿಟ್ಟಿದ್ದ. "ನಮ್ಮ ಕ್ಯಾಪ್ಟನ್ ಸಾರೇ ಬರೆದದ್ದುಂಟು. 'ಒಂದೇ ದೋಣಿ ಬಂದರೂ ಪಂದ್ಯ ಪಂದ್ಯವೇ. ಆ ದೋಣಿಯವರು ಒಂಟಿಯಾಗಿ ಓಡಿ ಗುರಿ ಮುಟ್ಟಿ ಚಿನ್ನಕ್ಕೆ ಪಾತ್ರರಾದರು. ಇದಲ್ಲವೇ ಧೀರತನ.' ಇಷ್ಟು ದೊಡ್ಡ ಜನ, ವಿನಯದಿಂದ ರದ್ದು ಮಾಡಿ ಅಂತ ಹೇಳುವವರು. ನೀವು ಅವರ ಮಾತು ಕೇಳ್ಬೇಡಿ."

ಗುರುದತ್ತ ಅದನ್ನು ಇಂಗ್ಲಿಷಿನಲ್ಲಿ ಫಾರಿಸ್‌ಗೆ ಹೇಳಿದ. ಫಾರಿಸ್‌ರ ಕಣ್ಣು ಅರಳಿತು. "ಹಾಗಾದರೆ ಅದೇ ನಿಯಮ. ದೋಣಿ ಗಾಳಿಯಿಂದಲೇ ಗುರಿ ಮುಟ್ಟಬೇಕು. ಹಗ್ಗ ಕಟ್ಟಿ ಎಳೆಸಿಕೊಂಡರೆ ಸೋಲು. ಯಲ್ಲಾ, ಹೊರಡಿ."

ದೋಣಿಕಟ್ಟೆಯ ತರುಣನೊಬ್ಬ ಹಾಯಿ ಏರಿಸಿ, ದೋಣಿಯನ್ನು ಹೊರಡುವ ಗೆರೆಯವರೆಗೆ ತಂದು ನಿಲ್ಲಿಸಿ, "ಆಲ್ ದಿ ಬೆಸ್ಟ್ ಕ್ಯಾಪ್ಟನ್," ಎಂದು ಫಾರಿಸ್ ಕೂತಿದ್ದ ಎಂಜಿನ್ ದೋಣಿಗೆ ದಾಟಿಕೊಂಡ. ಅವನು ದಾಟಿಹೋದದ್ದನ್ನು ಶಾಮಸುಂದರ, ರೈಲು ಹೊರಟ ಮೇಲೆ ಪ್ಲಾಟ್‌ಫಾರಮ್ಮಿನಲ್ಲಿ ಉಳಿದ ಹೆಂಡತಿಯನ್ನು ನೋಡುವಂತೆ ನೋಡಿದ.

ಪೀಪಿ ಊದಿದರು. ಹಾಯಿ ಉಬ್ಬಿತು. ದೋಣಿ ಹೊರಟೇಬಿಟ್ಟಿತು.

ಚುಕ್ಕಾಣಿಯ ಕೋಲು ಶಾಮಸುಂದರನ ಕೈಯಲ್ಲಿತ್ತು. ಅದನ್ನು ಯಾವ ಕಡೆ ತಿರುಗಿಸಿದರೆ ದೋಣಿ ಯಾವ ಕಡೆ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ತಿರುಗಿಸುವ ಸ್ಥಿತಿಯಲ್ಲಿ ಕೈ ಇರಲಿಲ್ಲ. ಮೈಯೆಲ್ಲ ಮರಗಟ್ಟಿ ಕೋಲು ಹಿಡಿದು ಕೂತಿದ್ದ. ಅಲುಗದ ಕೋಲಿನಿಂದ ದೋಣಿ ಗೆರೆ ಎಳೆದ ಹಾಗೆ ನೇರವಾಗಿ ಓಡಿತು. ಹಿಂದಿನ ದೋಣಿಯಿಂದ ಫಾರಿಸ್ ದುರ್ಬೀನಿನಲ್ಲಿ ನೋಡಿ, "ಸುಭಾನಲ್ಲಾ, ಎಂಥ ಸ್ಥಿರವಾದ ಕೈ," ಎಂದರಂತೆ. ದಡದಲ್ಲಿ ಗುರುದತ್ತ ಬಾವುಟ ಬೀಸಿದ.

"ಸಾರ್, ಮುಂದೆ ನೀರಲ್ಲಿ ತೇಲುವ ಆ ಕಿತ್ತಳೆ ಬಣ್ಣದ ಗುರುತಿನ ಬುರುಡೆ ಬರ್ತದೆ. ಅದಕ್ಕೆ ಸುತ್ತು ಹಾಕ್ಬೇಕಂತೆ," ಎಂದ ಹಂಝ. "ನಾನು ಯಾವ ಹಗ್ಗ ಎಳಿಯುದು?"

"ಯಾವುದನ್ನೂ ಮುಟ್ಟಬೇಡ," ಎಂದ ಶಾಮಸುಂದರ, ಕೀರಲು ದನಿಯಲ್ಲಿ.

"ಅಬ್ಬ, ಎಂತ ಧೈರ್ಯ," ಎಂದು ಹಂಝ ಕೈ ಕಟ್ಟಿ ಕೂತ.

ಬುರುಡೆಗೆ ಇನ್ನು ಇನ್ನೂರು ಗಜವಿದೆ ಎನ್ನುವಾಗ ಗಾಳಿ ನಿಂತುಹೋಯಿತು. ಹಾಯಿ ಒಗೆದ ಪಂಚೆಯಂತೆ ಜೋತುಬಿತ್ತು. ಕಾಲು ಗಂಟೆ ಹೋಯಿತು. ಅರ್ಧ ಗಂಟೆ ಹೋಯಿತು. ಗಾಳಿಯಿಲ್ಲದ ದೋಣಿ ಮುಂದಕ್ಕೆ ಹೋಗುವುದಿಲ್ಲ, ಸುಮ್ಮನೆಯೂ ಇರುವುದಿಲ್ಲ. ನಿಂತಲ್ಲೇ ತೊಟ್ಟಿಲಿನ ಹಾಗೆ ತೂಗುತ್ತದೆ. ದೂರದಲ್ಲೊಂದು ದೊಡ್ಡ ಹಡಗು ಹೋಗಿ ಅದರ ಅಲೆ ಬಂದಾಗ ಇನ್ನಷ್ಟು ತೂಗಿತು.

"ಕೈಯಲ್ಲಿ ನೀರು ತಳ್ಳಿ ಹೋಗುವನಾ ಸಾರ್?" ಎಂದ ಹಂಝ.

"ಆಗಲ್ಲ. ಹಾಗೆ ಮಾಡಿದವರನ್ನ ೧೯೦೦ರಲ್ಲೇ ಹೊರಗೆ ಹಾಕಿದ್ದಾರೆ."

ಅಷ್ಟು ಹೊತ್ತೂ ಮೂಲೆಯಲ್ಲಿ ಕಪ್ಪು ಕನ್ನಡಕ ಹಾಕಿ ಘನವಾಗಿ ಕೂತಿದ್ದ ಝಿಯಾದ್ ಈಗ ಕನ್ನಡಕ ತೆಗೆದ. ಮುಖ ಹಸಿರಾಗಿತ್ತು. ಬೈರೂತಿನ ಕಡಲತಡಿಯಲ್ಲಿ ಹುಟ್ಟಿದವನು ತಾನು, ಹಾಲಿನ ಜೊತೆ ಉಪ್ಪುನೀರು ಕುಡಿದವನು ಎಂದು ಫಾರಿಸ್ ಎದುರು ಆರು ವರ್ಷದಿಂದ ಹೇಳಿಕೊಂಡು ಬಂದಿದ್ದ. ಆ ಉಪ್ಪುನೀರು ಈಗ ಒಳಗಿನಿಂದ ಮೇಲೆ ಬರುತ್ತಿತ್ತು. ದೋಣಿಯ ಅಂಚಿಗೆ ಬಾಗಿ, ಫಾರಿಸ್‌ಗೆ ಕಾಣದ ಕಡೆಯಿಂದ, ಎರಡು ಸಲ ವಾಂತಿ ಮಾಡಿದ.

"ಶಾಮ್. ಎಳೆಯೋ ದೋಣಿ ಕರಿ," ಎಂದ ಪಿಸುಮಾತಿನಲ್ಲಿ.

ಶಾಮಸುಂದರನಿಗೆ ಇದು ಪರೀಕ್ಷೆಯೆಂದು ಅನ್ನಿಸಿತು. ಹನ್ನೆರಡು ವರ್ಷದಲ್ಲಿ ಝಿಯಾದ್ ಅವನನ್ನು ಹೀಗೆಯೇ ಪರೀಕ್ಷೆ ಮಾಡುತ್ತಾ ಬಂದಿದ್ದ. 'ಇವತ್ತು ಬೇಗ ಮನೆಗೆ ಹೋಗು' ಎಂದು, ಹೋದವನ ಹೆಸರು ಬರೆದಿಟ್ಟುಕೊಳ್ಳುವ ಮನುಷ್ಯ. "ಇಲ್ಲ ಸರ್. ಗುರಿ ಮುಟ್ಟದೆ ಬಿಡಲ್ಲ ಸರ್."

"ಹಬೀಬಿ, ಸಾಕು. ಖಲಾಸ್. ಕರಿ."

"ನೀವೇ ಕರೀಬಹುದಲ್ಲ ಸರ್."

"ನಾನು ಕರೆದರೆ ಫಾರಿಸ್ ಏನಂದುಕೊಳ್ತಾರೆ? ಕ್ಯಾಪ್ಟನ್ ನೀನು. ನೀನು ಕೈ ಎತ್ತಬೇಕು."

"ಎಳೆಸಿಕೊಂಡರೆ ಸೋಲು ಸರ್. ಪಂದ್ಯ ಪೂರೈಸಿದರೆ ಸಹಿ ಅಂದಿದ್ರಿ. ಗಾಳಿ ಸಾಯಂಕಾಲದೊಳಗೆ ಬಂದೇ ಬರತ್ತೆ ಸರ್. ಒಂದು ನಾಲ್ಕು ಗಂಟೆ."

ಕನಸಿನಲ್ಲೂ ಬೆದರಿಸಲು ಬಾರದವನು ದೈನ್ಯದಿಂದ ಬೇಡಿಕೊಳ್ಳುತ್ತಿದ್ದ. ಝಿಯಾದ್‌ಗೆ ಮಾತ್ರ ಇಂಥ ಕಲ್ಲೆದೆಯ ಮನುಷ್ಯನನ್ನು ಹನ್ನೆರಡು ವರ್ಷ ಕಡತದ ಕೋಣೆಯಲ್ಲಿ ಕೂರಿಸಿದೆನಲ್ಲ ಎಂದು ಭಯವಾಯಿತು. ಇನ್ನೊಂದು ಅಲೆ ಬಂತು. ಮೂರನೇ ವಾಂತಿ ಆಯಿತು.

"ಎಲ್ಲಿದೆ ಆ ಕಾಗದ?"

ಕಡತದವನ ಮೈಮೇಲೆ ಕಾಗದವಿಲ್ಲದ ಹೊತ್ತಿಲ್ಲ. ಲೈಫ್ ಜಾಕೆಟ್ಟಿನ ಒಳಗಿಂದ ಪ್ಲಾಸ್ಟಿಕ್ ಚೀಲ ಬಂತು, ಚೀಲದಿಂದ ನವೀಕರಣದ ಅರ್ಜಿ ಬಂತು, ಅರ್ಜಿಯ ಜೊತೆ ಪೆನ್ನೂ ಬಂತು. ಹಂಝ ಬೆನ್ನು ಬಾಗಿಸಿ ಮೇಜಾದ. ಝಿಯಾದ್ ಒಂದು ಕೈಯಲ್ಲಿ ಹೊಟ್ಟೆ ಹಿಡಿದು ಇನ್ನೊಂದರಲ್ಲಿ ಸಹಿ ಗೀಚಿದ. ಶಾಮಸುಂದರ ಕಾಗದವನ್ನು ಚೀಲಕ್ಕೆ ಸೇರಿಸಿ, ಚೀಲವನ್ನು ಎದೆಗೆ ಸೇರಿಸಿ, ಎರಡೂ ಕೈ ಮೇಲೆತ್ತಿದ. ಬೆಳಗಿನಿಂದ ಅವನ ಎರಡೂ ಕೈ ಒಟ್ಟಿಗೆ ಚುಕ್ಕಾಣಿ ಬಿಟ್ಟದ್ದು ಅದೇ ಮೊದಲು.

ಹೀಗೆ ಒಂದೇ ದೋಣಿ ಓಡಿದ ಪಂದ್ಯದಲ್ಲಿ ಆ ದೋಣಿ ಸೋತಿತು. ಶಾಮಸುಂದರ ಓದಿದ ಯಾವ ಇತಿಹಾಸದಲ್ಲೂ ಇಂಥದ್ದು ಇರಲಿಲ್ಲ. ಫಾರಿಸ್ ಬಹಳ ಹೊತ್ತು ಯೋಚನೆ ಮಾಡಿ, ಗೆದ್ದವರು ಯಾರೂ ಇಲ್ಲದ ಕಾರಣ ಮೊದಲ ಬಟ್ಟಲನ್ನು ಪೆಟ್ಟಿಗೆಯಲ್ಲೇ ಇಟ್ಟು, ಎರಡನೆಯದನ್ನು ಶಾಮಸುಂದರನ ಕೈಗೆ ಕೊಟ್ಟರು. "ಸುತ್ತಲೂ ಸಮುದ್ರ, ತಲೆಯ ಮೇಲೆ ಬಿಸಿಲು. ಜೊತೆಗಾರರ ಕಷ್ಟ ನೋಡಿ ಸೋಲೊಪ್ಪಿಕೊಂಡ ಕ್ಯಾಪ್ಟನ್ ನೀವು," ಎಂದರು. ಝಿಯಾದ್ ಆ ಹೊತ್ತಿಗೆ ಖರ್ಜೂರದ ಮರವೊಂದನ್ನು ತಬ್ಬಿಕೊಂಡು ನಿಂತಿದ್ದ.

ಮನೆ ಮುಟ್ಟುವಷ್ಟರಲ್ಲಿ ಗುರುದತ್ತನ ಸುದ್ದಿ ಬಳಗದ ವಾಟ್ಸಾಪಿನಲ್ಲಿತ್ತು: 'ಅಬುಧಾಬಿಯ ಹಾಯಿದೋಣಿ ಪಂದ್ಯದಲ್ಲಿ ಕನ್ನಡಿಗನಿಗೆ ದ್ವಿತೀಯ ಸ್ಥಾನ.' ಎಷ್ಟು ದೋಣಿಗಳಿದ್ದವೆಂದು ಬರೆದಿರಲಿಲ್ಲ. ಪ್ರಾರ್ಥನಾ ಬಟ್ಟಲನ್ನು ತಿರುಗಿಸಿ ನೋಡಿ, "ಸೆಕೆಂಡ್ ಟು ಹೂ?" ಎಂದಳು. ಬಿಂದು ಉಳಿದ ಪುಳಿಯೋಗರೆಯನ್ನು ಗಂಡನ ತಟ್ಟೆಗೆ ಹಾಕಿದಳು. ಹನ್ನೆರಡು ದಿನ ಅನ್ನ ಸೇರದವನು ಎರಡನೇ ಸಲ ಬಡಿಸಿಕೊಂಡ.

ಆದರೆ ಸೋಮವಾರ ಡೆಲ್ಫಿನ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. "ಎಂತದು ಶಾಮಣ್ಣ ಇದು. ಸಹಿಯಾ, ಜಿರಳೆ ಶಾಯಿಯಲ್ಲಿ ಬಿದ್ದು ಎದ್ದು ಹೋದದ್ದಾ? ನನ್ನ ಹತ್ತಿರ ಇರುವ ಸಹಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಆಗುದಿಲ್ಲ. ಹೊಸತು ಮಾಡಿಸಿಕೊಂಡು ಬನ್ನಿ."

ಹೊಸ ಅರ್ಜಿ ಹಿಡಿದು ಝಿಯಾದ್‌ನ ಬಾಗಿಲಿಗೆ ನಡೆದ ಆ ಮೂವತ್ತು ಹೆಜ್ಜೆ ಅಬುಧಾಬಿಯ ಸಮುದ್ರಕ್ಕಿಂತ ದೊಡ್ಡದಾಗಿತ್ತು. ಈಗ ಕಾಲ ಕೆಳಗೆ ಗಟ್ಟಿ ನೆಲವಿದೆ, ಅಲೆಯಿಲ್ಲ, ವಾಂತಿಯಿಲ್ಲ. ನೆಲದ ಮೇಲಿನ ಝಿಯಾದ್ ಯಾಕೆ ಸಹಿ ಹಾಕಬೇಕು. ಒಳಗೆ ಹೋಗಿ ಅರ್ಜಿಯನ್ನು ಮೇಜಿನ ಮೇಲಿಟ್ಟ. ಇನ್ನು ಮುಚ್ಚಿಟ್ಟುಕೊಳ್ಳುವುದಕ್ಕೆ ಅವನಲ್ಲಿ ಜಾಗವೇ ಉಳಿದ ಹಾಗಿರಲಿಲ್ಲ.

"ಸರ್, ನಿಜ ಹೇಳಿಬಿಡ್ತೀನಿ. ನಾನು ಮೊನ್ನೆಗೆ ಮುಂಚೆ ದೋಣಿಯನ್ನೇ ಹತ್ತಿದವನಲ್ಲ. ಬರೀ ಓದಿ ಬರೆದದ್ದು."

ಝಿಯಾದ್ ತಲೆಯೆತ್ತಲಿಲ್ಲ. "ಗೊತ್ತಾಯಿತು. ಚುಕ್ಕಾಣಿಯನ್ನು ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿದಿದ್ದೆ. ಫಾರಿಸ್‌ಗೆ ಇದು ಗೊತ್ತೇ?"

"ಇಲ್ಲ ಸರ್."

"ನನ್ನ ವಿಷಯ?"

"ಯಾವ ವಿಷಯ ಸರ್?"

ಅವನು ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಝಿಯಾದ್ ಪೆನ್ನು ತೆಗೆದು, ನಿಧಾನವಾಗಿ, ಒಂದೊಂದು ಅಕ್ಷರವೂ ಗುಂಡಾಗಿ ಬರುವಂತೆ ಸಹಿ ಹಾಕಿದ. ಎರಡು ವರ್ಷದ ನವೀಕರಣ.

ಶಾಮಸುಂದರ ಕಾಗದ ಎತ್ತಿಕೊಂಡು ಮೂರು ಸಲ ಥ್ಯಾಂಕ್ಯೂ ಹೇಳಿ ಬಾಗಿಲವರೆಗೆ ಹೋದ.

"ನಿಲ್ಲು. ಫಾರಿಸ್ ಬೆಳಿಗ್ಗೆ ಫೋನ್ ಮಾಡಿದ್ದರು. ನಿನ್ನನ್ನೂ ನನ್ನನ್ನೂ ತುಂಬ ಮೆಚ್ಚಿಕೊಂಡಿದ್ದಾರೆ. ಮಾರ್ಚ್ ಎರಡನೇ ವಾರ ಮತ್ತೆ ಕರೆದಿದ್ದಾರೆ. ಈ ಸಲ ದೊಡ್ಡ ದೋಣಿಯಂತೆ. ಸಮುದ್ರದಲ್ಲೇ ಎರಡು ದಿನವಂತೆ."

ಝಿಯಾದ್ ಇನ್ನೊಂದು ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ಜಾರಿಸಿದ. ಅದು ರಜೆಯ ಅರ್ಜಿ. ಹೆಸರಿನ ಜಾಗದಲ್ಲಿ ಶಾಮಸುಂದರನ ಹೆಸರಿತ್ತು, ಮಾರ್ಚ್ ಎರಡನೇ ವಾರ ಪೂರ್ತಿ, ಊರಿಗೆ ಎಂದು ಬರೆದು, ಕೇಳುವ ಮೊದಲೇ ಮಂಜೂರಾಗಿತ್ತು. ಕ್ಯಾಪ್ಟನ್ ಇಲ್ಲದೆ ಝಿಯಾದ್ ಹೋಗುವುದಾದರೂ ಹೇಗೆ.

ರಜೆಗೆ ಕಾರಣ ಎಂಬ ಕಡೆ ಝಿಯಾದ್ ತನ್ನ ಕೈಯಾರೆ ತುಂಬಿದ್ದ: 'ಗಾಳಿ ಚೆನ್ನಾಗಿ ಬೀಸುವ ಸಂಭವವಿದೆ.'